ಸಾವಿನ ಮನೆಯಲ್ಲಿ ಒಲೆ ಹಚ್ಚಿದವಳು

ಅವಳು ತೀರಿಕೊಂಡ ಸುದ್ದಿಯನ್ನು ನಮ್ಮ ಓಣಿ ಎರಡೇ ಮಾತಿನಲ್ಲಿ ಮುಗಿಸಿತು. "ಪಾಪ, ಭಾಳ ಸೊರಗಿದ್ಲು" ಎಂಬುದು ಮೊದಲನೆಯದು. ಎರಡನೆಯದನ್ನು ಸ್ವಲ್ಪ ದನಿ ತಗ್ಗಿಸಿ ಹೇಳಿದರು: "ಗಂಡ ಸತ್ತ ದಿನ ಅಡಿಗಿ ಮಾಡಿದಾಕಿ ಅಲ್ಲೇನ್ರಿ?" ಇಷ್ಟು ವರ್ಷ ನಮ್ಮ ನಡುವೆ ಬದುಕಿ, ನಮ್ಮ ಮುದುಕರನ್ನು ದವಾಖಾನೆಯಲ್ಲಿ ತೊಳೆದು ಬಳಿದು, ನಮ್ಮ ಮಕ್ಕಳ ಮದುವೆಗಳಲ್ಲಿ ಅಕ್ಕಿಕಾಳು ಹಾಕಿ ಹೋದ ಹೆಣ್ಣುಮಗಳ ಬಗ್ಗೆ ಗಂಗಾವತಿಯ ನಮ್ಮ ಓಣಿ ನೆನಪಿಟ್ಟುಕೊಂಡದ್ದು ಒಂದು ಬೋಗುಣಿ ಪಲ್ಯವನ್ನು. ನನಗೆ ಸಿಟ್ಟು ಬಂತು. ಸಿಟ್ಟು ಬಂದಾಗ ನಾನು ಬರೆಯಲು ಕೂಡುತ್ತೇನೆ. ಪ್ರಾಥಮಿಕ ಶಾಲೆಯಲ್ಲಿ ಕೂಗಿ ಕೂಗಿ ನಿವೃತ್ತಳಾದವಳಿಗೆ ಈಗ ಬೇರೆ ಯಾರ ಮೇಲೆ ಕೂಗಾಡಲು ಅಧಿಕಾರವಿದೆ?

ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮಗಳು ಯಲಬುರ್ಗಾದಲ್ಲಿ ಸಂಸಾರ ಹೂಡಿಕೊಂಡಿದ್ದಾಳೆ, ಆ ಹುಡುಗಿಯ ಪಾಡಿಗೆ ಆ ಹುಡುಗಿ ಇರಲಿ. ತಾಯಿಯನ್ನು ಓಣಿಯವರೆಲ್ಲ ಫಾರಿನ್ ವೈನಿ, ಅಂದರೆ ಫಾರಿನ್ ಅತ್ತಿಗೆ, ಎನ್ನುತ್ತಿದ್ದರು, ಅಷ್ಟು ಸಾಕು. ನಮ್ಮ ಪಕ್ಕದ ಮನೆಯ ಹುಡುಗ ದುಬೈಯಲ್ಲಿ ಏಸಿ ರಿಪೇರಿಯ ಕೆಲಸಕ್ಕಿದ್ದಾಗ, ಅಲ್ಲೇ ಒಂದು ಮನೆಯಲ್ಲಿ ಅಡುಗೆಗಿದ್ದ ಫಿಲಿಪೀನ್ಸ್ ದೇಶದ ಈ ಹುಡುಗಿಯನ್ನು ಮೆಚ್ಚಿ ಮದುವೆಯಾದ. ಕೆಲ ವರ್ಷಗಳ ಮೇಲೆ ಇಬ್ಬರೂ ಬಂದು ಇಲ್ಲೇ ನೆಲೆ ನಿಂತರು. ಅವನು ಅಕ್ಕಿ ಗಿರಣಿಗಳ ಮೋಟರ್ ಸುತ್ತಿಕೊಡುವ ಅಂಗಡಿ ತೆಗೆದ. ಅವಳು ಸೀರೆ ಉಡಲು ಕಲಿತಳು.

ಅವಳು ಬಂದ ಹೊಸದರಲ್ಲಿ ನಮಗೆಲ್ಲ ಸಿನಿಮಾ ನೋಡುವ ಖರ್ಚು ಉಳಿಯಿತು ಎನ್ನಬೇಕು. ಅವರ ದೇಶದಲ್ಲಿ ಹಿರಿಯರ ಕೈಹಿಡಿದು ತಮ್ಮ ಹಣೆಗೆ ಮುಟ್ಟಿಸಿಕೊಳ್ಳುವುದೇ ನಮಸ್ಕಾರವಂತೆ. ಮೊದಲ ದಿನ ಅತ್ತೆಯ ಕೈಹಿಡಿದು ಹಣೆಗೆ ಒತ್ತಿಕೊಂಡಳು. ಅತ್ತೆ ಗಾಬರಿಯಾಗಿ ಮಗನನ್ನು ಕೂಗಿದಳು: "ಏ ಬಾರೋ ಇಲ್ಲಿ, ಹಣಿ ಮುಟ್ಟಿ ನೋಡು ಅಂತಾಳ. ಜ್ವರ ಏನೂ ಇಲ್ಲಲ್ಲೋ ಆಕಿಗೆ!" ಹೌದು ಎನ್ನುವುದಕ್ಕೆ ಅವಳು ಬಾಯಿ ಬಿಡುತ್ತಿರಲಿಲ್ಲ, ಹುಬ್ಬು ಮೇಲಕ್ಕೆತ್ತುತ್ತಿದ್ದಳು. ನಮ್ಮಲ್ಲಿ ಹುಬ್ಬೆತ್ತಿದರೆ ಏನು ಎಂದು ಕೇಳಿದಂತೆ. "ಚಾ ಕುಡೀತಿ?" ಎಂದು ಅತ್ತೆ ಕೇಳುವುದು, ಇವಳು ಹುಬ್ಬೆತ್ತುವುದು, ಕೇಳಿಸಲಿಲ್ಲವೆಂದು ಅತ್ತೆ ಇನ್ನೂ ಜೋರಾಗಿ ಕೇಳುವುದು, ಇವಳು ಇನ್ನೂ ಮೇಲಕ್ಕೆ ಹುಬ್ಬೆತ್ತುವುದು. ಗೋಡೆಯ ಈಚೆ ಕೂತು ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ಬೆರಳು ಮಾಡಿ ತೋರಿಸುವುದು ಒರಟುತನ ಎಂದು ಅವಳಿಗೆ ಅವಳ ಮನೆಯಲ್ಲಿ ಕಲಿಸಿದ್ದರು. ಹೀಗಾಗಿ ಏನು ಬೇಕಾದರೂ ತುಟಿ ಚಾಚಿ ತೋರಿಸುತ್ತಿದ್ದಳು. ತರಕಾರಿ ಗಾಡಿಯವನಿಗೆ ತುಟಿ ಚಾಚಿ ಬದನೆಕಾಯಿ ತೋರಿಸಿದ್ದು ನಮ್ಮ ಓಣಿಯಲ್ಲಿ ಒಂದು ವಾರದ ಸುದ್ದಿ. ಮಾತು ಕಲಿತ ಮೇಲೆ ಇನ್ನೊಂದು ತಮಾಷೆ. ಯಾರಿಗಾದರೂ ಮರ್ಯಾದೆ ಕಡಿಮೆಯಾದೀತು ಎಂಬ ಹೆದರಿಕೆಗೆ ಎಲ್ಲದಕ್ಕೂ ರಿ ಹಚ್ಚುತ್ತಿದ್ದಳು. ದಾರಿಗೆ ಅಡ್ಡ ನಿಂತ ಎಮ್ಮೆಗೆ ಕೈಮುಗಿಯುವಂತೆ ನಿಂತು, "ತಟಗ ಸರೀರಿ, ದಾರಿ ಬಿಡ್ರಿ" ಎಂದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಎಮ್ಮೆ ಸರಿಯಿತು.

ಅವಳಿಗೆ ನಮ್ಮ ಊರಿನಲ್ಲಿ ಮೊದಲು ಹಿಡಿಸಿದ್ದು ನಾವು ಎದುರಾದವರಿಗೆಲ್ಲ "ಊಟ ಆತೇನ್ರಿ?" ಎನ್ನುವುದು. ಅವರ ಕಡೆಯೂ ಹಾಗೆಯೇ ಕೇಳುತ್ತಾರಂತೆ. ಕೇಳಿದ ಮೇಲೆ ಇಲ್ಲ ಎಂದರೆ ಉಣ್ಣಿಸಲೇಬೇಕಂತೆ. "ನಿಮ್ಮಲ್ಲೂ ಹಂಗ ಐತೇನ್ರಿ, ಅಕ್ಕೋರ?" ಎಂದು ಕೇಳಿದ್ದಳು. ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆಲ್ಲ ನಮ್ಮಲ್ಲಿ ಅಕ್ಕೋರು ಎನ್ನುವುದು ವಾಡಿಕೆ. ಹಾಗೇನಿಲ್ಲ, ಕೇಳುವುದು ಕೇಳುವುದಷ್ಟೇ ಎಂದು ನಾನು ಹೇಳಬಹುದಿತ್ತು. ಹೌದು ಎಂದುಬಿಟ್ಟೆ. ಊರಿನ ಮಾನ ನೋಡಬೇಕಲ್ಲ.

ಶುಕ್ರವಾರ ಬಂದರೆ ಅವರ ಮನೆಯಿಂದ ಬೆಳ್ಳುಳ್ಳಿ ಕೆಂಪಗೆ ಹುರಿಯುವ ವಾಸನೆ ಗೋಡೆ ಹಾರಿ ಬರುತ್ತಿತ್ತು. ಹೆಸರುಕಾಳಿನ ಒಂದು ಗಟ್ಟಿ ಸಾರು ಅದು. ಅವರ ದೇಶದಲ್ಲಿ ಮನೆಮನೆಯಲ್ಲೂ ಶುಕ್ರವಾರದ ಅಡುಗೆ ಅದೇ. ಅಂದು ಅವರು ಮಾಂಸ ಮುಟ್ಟುವುದಿಲ್ಲ. ನಾವು ಹೆಸರುಕಾಳನ್ನು ಮೊಳಕೆ ಕಟ್ಟಿ, ಖಾರದ ಪುಡಿ, ಗುರೆಳ್ಳಿನ ಪುಡಿ ಹಾಕಿ ರೊಟ್ಟಿಗೆ ಹಚ್ಚಿಕೊಳ್ಳುವವರು. ಅವಳದರಲ್ಲಿ ಖಾರವಿಲ್ಲ, ಅರಿಸಿನವಿಲ್ಲ, ಸಾಸಿವೆಯಿಲ್ಲ. ಕಾಳು ಬೆಂದು ಒಡೆದು ತನ್ನ ಆಕಾರ ಮರೆಯಬೇಕು. ಬೇರೆ ಬೋಗುಣಿಯಲ್ಲಿ ಬೆಳ್ಳುಳ್ಳಿ, ಆಮೇಲೆ ಉಳ್ಳಾಗಡ್ಡಿ, ಆಮೇಲೆ ಟೊಮೆಟೊ. ಅದಕ್ಕೆ ಬೆಂದ ಕಾಳು ಸುರಿದು ಕುದಿಸಿ, ಕೊನೆಗೆ ನುಗ್ಗೆಸೊಪ್ಪು ಉದುರಿಸಿ ಇಳಿಸುವುದು. ಬಿಸಿ ಅನ್ನದ ಮೇಲೆ ಹಾಕಿಕೊಂಡು ಉಂಡರೆ ಹೊಟ್ಟೆಗಿಂತ ಮೊದಲು ಎದೆ ತಣ್ಣಗಾಗುತ್ತಿತ್ತು. ನಾನು ಖಾರ ಉಣ್ಣುವವಳು, ನಾನೇ ಈ ಮಾತು ಹೇಳುತ್ತಿದ್ದೇನೆ ಅಂದರೆ ನಂಬಬೇಕು.

"ಬಳ್ಳೊಳ್ಳಿ ಕೆಂಪ ಆಗೂತನಕ ಉಳ್ಳಾಗಡ್ಡಿ ಹಾಕಬ್ಯಾಡ್ರಿ, ಅಕ್ಕೋರ" ಎನ್ನುತ್ತಿದ್ದಳು ನಾನು ಅವಸರ ಮಾಡಿದಾಗ. "ಇದಕ್ಕ ನಮ್ಮ ಆಯಿ, ನಮ್ಮವ್ವನ ಅವ್ವ, ಕೈಮ್ಯಾಲೆ ಚಮಚಲೆ ಹೊಡೀತಿದ್ಲು. ಆಯಿ ನಮ್ಮವ್ವಗ ಹೊಡದಿದ್ಲು. ಅವ್ವ ನನಗ ಹೊಡದ್ಲು."

"ಹಂಗಾದ್ರ ನಿನ್ನ ಮಗಳಿಗೆ ನೀ ಹೊಡೀತಿ ಅನ್ನು."

"ಹೊಡೀಲಾರದ ಬರೂದಿಲ್ರಿ ಇದು" ಎಂದು ನಗುತ್ತಿದ್ದಳು.

ಅವಳ ತಾಯಿ ಅಲ್ಲಿ ಬಂದರಿನ ಹತ್ತಿರ ಮೂಟೆ ಹೊರುವವರಿಗೆ ಇದೇ ಸಾರು ಅನ್ನ ಮಾರಿ ಮಕ್ಕಳನ್ನು ಸಾಕಿದವಳು. ಅಲ್ಲಿ ಇದಕ್ಕೆ ಒಣಮೀನು ಬೀಳುತ್ತದೆ. ಇಲ್ಲಿ ಅತ್ತೆಯ ಮನೆಯಲ್ಲಿ ಮೀನಿನ ಮಾತೇ ಆಡುವಂತಿರಲಿಲ್ಲ. ಒಮ್ಮೆ ಸಂತೆಯಲ್ಲಿ ಒಣಮೀನು ಮಾರುವವಳ ಮುಂದೆ ಅವಳು ಸುಮ್ಮನೆ ನಿಂತಿದ್ದನ್ನು ಕಂಡೆ. ಕೊಳ್ಳಲಿಲ್ಲ. ಮೂಗು ಅರಳಿಸಿ ಒಂದು ಉಸಿರು ತುಂಬಿಕೊಂಡಳು, ಮುಂದೆ ಹೋದಳು. ಆದರೆ ಕಾಳು ಅದೇ ಕಾಳು, ಯಲಬುರ್ಗಾ ಕಡೆಯ ಎರೆಹೊಲದ ಹೆಸರು. ನಮ್ಮ ಹಿತ್ತಲಿನ ನುಗ್ಗೆ ಗಿಡ ಕಂಡ ದಿನವಂತೂ ಅತ್ತುಬಿಟ್ಟಳು. ಅವರ ಮನೆಯ ಹಿಂದೆಯೂ ಇದೇ ಗಿಡವಿತ್ತಂತೆ. ಆವತ್ತಿನಿಂದ ನಮ್ಮ ಗಿಡದ ಕೆಳಗಿನ ಟೊಂಗೆಗಳಲ್ಲಿ ಎಲೆ ಉಳಿಯಲಿಲ್ಲ.

ಅತ್ತೆಗೆ ಹಲ್ಲಿರಲಿಲ್ಲ. ಮೆತ್ತಗಿನ ಆ ಸಾರು ಮುದುಕಿಗೆ ಬಹಳ ಸೇರುತ್ತಿತ್ತು. ಫಾರಿನ್ ಪಲ್ಯ ಎಂದು ಬಾಯಿ ಚಪ್ಪರಿಸಿ, "ಇನ್ನೊಂದೀಟು ಹಾಕ" ಎನ್ನುತ್ತಿದ್ದಳು. ಮಗಳು ಹುಟ್ಟಿದ ಮೇಲೆ ಆ ಕೂಸಿಗೂ ಮೊದಲು ಉಣಿಸಿದ್ದು ಅದನ್ನೇ. ಆ ಮುದುಕಿ ಇರುವತನಕ ಆ ಮನೆಯಲ್ಲಿ ಇವಳಿಗೆ ಒಂದು ಬಲವಿತ್ತು. ಮಗಳು ಒಂದನೆಯ ಇಯತ್ತೆಗೆ ನನ್ನ ಶಾಲೆಗೆ ಬರುವ ಮೊದಲೇ ಮುದುಕಿ ತೀರಿಕೊಂಡಳು.

ಅದಾದ ಮರುವರ್ಷ ಗಂಡ ಹೋದ. ಅಂಗಡಿಯಲ್ಲಿ ಮೋಟರ್ ಬಿಚ್ಚುತ್ತ ಕೂತವನಿಗೆ ಎದೆ ಹಿಡಿದುಕೊಂಡಿತು. ಕೊಪ್ಪಳಕ್ಕೆ ಒಯ್ಯುವ ದಾರಿಯಲ್ಲೇ ಜೀವ ಹೋಯಿತು. ಹೆಣ ಮನೆಗೆ ಬಂದಾಗ ಇನ್ನೂ ಬಿಸಿಲು ಏರಿರಲಿಲ್ಲ. ಕುಷ್ಟಗಿಯಲ್ಲಿರುವ ಅವನ ಅಕ್ಕ ಬರುವ ಹಾದಿ ಕಾಯುತ್ತ ಓಣಿಯವರೆಲ್ಲ ಪಡಸಾಲೆಯಲ್ಲಿ, ಕಟ್ಟೆಯ ಮೇಲೆ ಕೂತಿದ್ದರು. ಅವಳು ಗಂಡನ ತಲೆಯ ಹತ್ತಿರ ಕೂತು ಅತ್ತಳು. ಅವನ ಕೂದಲು ಬಾಚಿದಳು. ಆಮೇಲೆ ಎದ್ದು ಒಳಗೆ ಹೋದಳು. ನೀರು ಕುಡಿಯಲು ಹೋಗಿರಬೇಕು ಎಂದುಕೊಂಡೆವು.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಬಂತು.

ನಮ್ಮಲ್ಲಿ ಹೆಣ ಎತ್ತುವತನಕ ಆ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಅಕ್ಕಪಕ್ಕದ ಮನೆಗಳಲ್ಲೂ ಹಚ್ಚುವುದಿಲ್ಲ. ಮಣ್ಣು ಮಾಡಿ ಬಂದ ಮೇಲೂ ನೆಂಟರು ಬುತ್ತಿ ತರಬೇಕು, ಅದನ್ನು ಬಿಚ್ಚಿ ದುಃಖದವರಿಗೆ ಎರಡು ತುತ್ತು ಒತ್ತಾಯದಿಂದ ಉಣ್ಣಿಸಬೇಕು. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಹುಟ್ಟಿದಾಗಿನಿಂದ ನೋಡಿ ಗೊತ್ತಾಗಿರುತ್ತದೆ. ಅತ್ತೆ ಸತ್ತಾಗ ಇವಳು ನೋಡಬಹುದಿತ್ತು. ಆದರೆ ಆಗ ಮಗುವಿಗೆ ಜ್ವರವೆಂದು ಇವಳನ್ನು ನಮ್ಮ ಮನೆಯಲ್ಲೇ ಇರಿಸಿದ್ದರು.

ಕೂತವರೆಲ್ಲ ಮುಖ ಮುಖ ನೋಡಿಕೊಂಡರು. ಯಾರೋ ನನಗೆ ಕಣ್ಸನ್ನೆ ಮಾಡಿದರು. ಎದ್ದು ಒಳಗೆ ಹೋದೆ. ಅವಳು ಒಲೆಯ ಮುಂದೆ ನಿಂತು, ಕಣ್ಣು ಮೂಗು ಸೆರಗಿನಿಂದ ಒರೆಸಿಕೊಳ್ಳುತ್ತ, ದೊಡ್ಡ ಬೋಗುಣಿಯಲ್ಲಿ ಕೈಯಾಡಿಸುತ್ತಿದ್ದಳು. ಆವತ್ತು ಶುಕ್ರವಾರ. ಮುಂಜಾನೆ ಗಂಡನಿಗೆಂದೇ ಕಾಳು ನೆನೆಹಾಕಿದ್ದಳು.

"ಏನ್ ಮಾಡಾಕತ್ತೀಯವ್ವ? ಒಲಿ ಆರಸು" ಎಂದೆ.

"ಎಲ್ಲಾರೂ ಮುಂಜಾನಿಂದ ಕುಂತಾರ್ರಿ, ಅಕ್ಕೋರ. ಸಣ್ಣ ಹುಡುಗರೂ ಅದಾವು. ಆತ್ರಿ, ಇನ್ನ ನುಗ್ಗಿ ತಪ್ಪಲ ಹಾಕೂದಷ್ಟ ಐತಿ."

"ಹಂಗ ಮಾಡಬಾರ್ದು ಇಲ್ಲಿ."

ಅವಳಿಗೆ ಅರ್ಥವಾಗಲಿಲ್ಲ. "ಅವರ ಸಲುವಾಗಿ ಬಂದವರು ಹಸ್ಕೊಂಡು ಹೋದ್ರ ಅವರಿಗೆ ಹೆಂಗ ಅನಸ್ತೈತ್ರಿ?" ಎಂದಳು. ಅವರು ಅಂದರೆ ಗಂಡ. ಅವರ ದೇಶದಲ್ಲಿ ಸತ್ತವರನ್ನು ದಿನಗಟ್ಟಲೆ ಮನೆಯಲ್ಲಿಟ್ಟು ಕಾಯುತ್ತಾರೆ. ಬಂದವರಿಗೆಲ್ಲ ಆ ಮನೆಯವರೇ ಬೇಯಿಸಿ ಬಡಿಸುತ್ತಾರೆ. ಅವಳ ತಂದೆ ಸತ್ತಾಗ ತಾಯಿ ಅಳುತ್ತಲೇ ಇಡೀ ಕೇರಿಗೆ ಈ ಸಾರು ಬಡಿಸಿದ್ದಳಂತೆ. ಬೇಯಿಸದೆ ಕೂತವಳನ್ನೇ ಅಲ್ಲಿ ಕಲ್ಲೆದೆಯವಳು ಎನ್ನುತ್ತಾರೆ. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಆಗ ನಾನೇ ಒಲೆಯ ಗುಂಡಿ ತಿರುವಿದೆ. ಅವಳು ಅಷ್ಟರಲ್ಲಿ ತಾಟುಗಳಿಗೆ ಬಡಿಸಿಕೊಂಡು ಪಡಸಾಲೆಗೆ ಹೋಗಿಬಿಟ್ಟಿದ್ದಳು.

ಒಬ್ಬರೂ ಮುಟ್ಟಲಿಲ್ಲ. ಒಬ್ಬೊಬ್ಬರ ಮುಂದೆ ಬಗ್ಗಿ, "ಊಟ ಮಾಡ್ರಿ, ತಟಗ ಊಟ ಮಾಡ್ರಿ" ಎನ್ನುತ್ತಿದ್ದಳು. ಗಂಡಸರು ಎದ್ದು ಹೊರಗೆ ಹೋದರು. ಅದೇ ಹೊತ್ತಿಗೆ ಕುಷ್ಟಗಿಯ ಅಕ್ಕ ಬಂದಳು. ತಮ್ಮನ ಕಾಲ ಮೇಲೆ ಬಿದ್ದು ಅಳುತ್ತಿದ್ದವಳು ತಲೆ ಎತ್ತಿದರೆ ಕಂಡದ್ದು ಕೈಯಲ್ಲಿ ತಾಟು ಹಿಡಿದ ತಮ್ಮನ ಹೆಂಡತಿ. ಒಳಗೆ ನುಗ್ಗಿ ಬೋಗುಣಿ ಎತ್ತಿ ತಂದು ಎಲ್ಲರ ಮುಂದೆ ಗಟಾರಕ್ಕೆ ಸುರಿದಳು. "ಇವನ್ನ ಇನ್ನ ಎತ್ತಿಲ್ಲ, ನಿನಗ ಹೊಟ್ಟಿ ದೊಡ್ಡದಾತೇನಲೇ!" ಎಂದು ಚೀರಿದಳು. ಮಗು ಬಾಗಿಲ ಹತ್ತಿರ ನಿಂತು ನೋಡುತ್ತಿತ್ತು. ಅವಳು ತಾಟು ಹಿಡಿದುಕೊಂಡೇ ನಿಂತಿದ್ದಳು. ಇಳಿಸಬೇಕೋ ಕೊಡಬೇಕೋ ಅವಳಿಗೆ ತಿಳಿಯದೆಂದು ಕೊನೆಗೆ ನಾನೇ ಕೈಯಿಂದ ತೆಗೆದುಕೊಂಡೆ.

ದಿನಕರ್ಮ ಮುಗಿದ ಮೇಲೆ ಆ ಅಕ್ಕ ಹುಡುಗಿಯನ್ನು ತನ್ನ ಜೊತೆ ಕರೆದುಕೊಂಡು ಹೋದಳು. ಅವಳಿಗೆ ಮಕ್ಕಳಿರಲಿಲ್ಲ. ಸ್ವಲ್ಪ ದಿನ ಬದಲಾವಣೆಗೆ ಎಂದು ಹೇಳಿ ಒಯ್ದಳು, ಅಲ್ಲೇ ಶಾಲೆಗೆ ಹಚ್ಚಿದಳು. ನಾನು ಕುಷ್ಟಗಿಗೆ ಹೋಗಿ ಜಗಳವಾಡಿದೆ. ಅವರ ದೇಶದ ಪದ್ಧತಿ ಹಾಗೆ, ಅವಳು ಮಾಡಿದ್ದು ಪ್ರೀತಿಯಿಂದಲೇ ಎಂದು ತಿಳಿಹೇಳಿದೆ. ಆ ಹೆಣ್ಣುಮಗಳು ಸಮಾಧಾನದಿಂದ ಕೇಳಿದಳು. ಆಮೇಲೆ ಹೇಳಿದಳು: "ನೀವು ಹೇಳೂದು ತಿಳೀತೈತ್ರಿ, ಅಕ್ಕೋರ. ನಾ ಏನು ತಿಳೀಲಾರದಾಕಿ ಅಲ್ಲ. ಆದ್ರ ನನ್ನ ತಮ್ಮ ಅಲ್ಲಿ ಮಲಗಿದ್ದ, ನನ್ನ ಮೂಗಿಗೆ ಒಗ್ಗರಣಿ ವಾಸನಿ ಬಂತು. ಅದನ್ನ ಹೆಂಗ ಮರೀಲಿ ಹೇಳ್ರಿ. ಆಕಿ ಕೈಯಾಗ ಈ ಹುಡುಗಿ ಬೆಳದ್ರ ನಾಳಿ ನಮ್ಮ ಮಂದ್ಯಾಗ ಯಾರು ಮಾಡ್ಕೊತಾರ?" ಅವಳನ್ನು ದ್ವೇಷಿಸಲು ಹೋಗಿದ್ದ ನನಗೆ ಅದೂ ಆಗಲಿಲ್ಲ. ಅದು ನನ್ನ ಸಿಟ್ಟನ್ನು ಇನ್ನೂ ಹೆಚ್ಚು ಮಾಡಿತು.

ಕೋರ್ಟು, ಪೊಲೀಸು ಎಂದು ನಾನು ಹಾರಾಡಿದ್ದೂ ಉಂಟು. ಅವಳೇ ಬೇಡವೆಂದಳು. ಅವಳು ಇಲ್ಲಿರುವ ಪರವಾನಿಗೆಗಾಗಿ ಆಗಾಗ ಕೊಪ್ಪಳದ ಆಫೀಸಿಗೆ ಹೋಗಬೇಕು. ಗಂಡನ ಕಡೆಯವರು ಯಾರಾದರೂ ಇವಳು ನಮ್ಮವಳು ಎಂದು ಹೇಳಬೇಕು. ಹೇಳುತ್ತಿದ್ದವರು ಆ ಅಕ್ಕನ ಯಜಮಾನರೇ. "ಜಗಳ ಮಾಡಿದ್ರ ನನ್ನ ಊರಿಗೆ ಕಳಸ್ತಾರ್ರಿ. ಆಮ್ಯಾಲೆ ಆಕಿನ್ನ ನೋಡೂದು ಹೆಂಗ?" ಎಂದಳು. ಅವಳ ತಮ್ಮ ಅಲ್ಲಿಂದ ಬಾ ಬಾ ಎಂದು ಫೋನು ಮಾಡುತ್ತಿದ್ದ. ತಾಯಿ ಸತ್ತಾಗಲೂ ಇವಳು ಹೋಗಲಿಲ್ಲ. ಒಂದು ಖಾಸಗಿ ದವಾಖಾನೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಕೆಲಸ ಹಿಡಿದಳು. ಅಲ್ಲಿ ಭಾನುವಾರದ ರಜೆ ಒಂದೇ ಅವಳು ಕೇಳಿಕೊಂಡದ್ದು.

ಭಾನುವಾರ ಮುಂಜಾನೆ ಎದ್ದು ಸಾರು ಮಾಡಿ, ಸ್ಟೀಲಿನ ಡಬ್ಬಿಗೆ ತುಂಬಿ, ಟವೆಲಿನಲ್ಲಿ ಸುತ್ತಿ ಕುಷ್ಟಗಿ ಬಸ್ಸು ಹತ್ತುತ್ತಿದ್ದಳು. ಶುಕ್ರವಾರದ ಅಡುಗೆ ಭಾನುವಾರಕ್ಕೆ ಬಂತು. ಪ್ರಾರ್ಥನೆಗೆ ಚರ್ಚಿಗೆ ಹೋಗುವುದು ಬಿಟ್ಟುಹೋಯಿತು. ಯಾಕವ್ವ, ದೇವರನ್ನೇ ಬಿಟ್ಟೆಯಲ್ಲ ಎಂದು ನಾನು ಕಿಚಾಯಿಸಿದರೆ, "ದೇವರು ಎಲ್ಲಾ ಕಡಿ ಅದಾನ್ರಿ. ಹುಡುಗಿ ಕುಷ್ಟಗ್ಯಾಗ ಅಷ್ಟ ಅದಾಳ" ಎಂದಳು.

ಒಂದು ಭಾನುವಾರ ಅವಳ ಜೊತೆ ನಾನೂ ಹೋಗಿದ್ದೆ. ಕನಕಗಿರಿ, ತಾವರಗೇರಾ ದಾಟುವವರೆಗೂ ಅವಳು ಡಬ್ಬಿಯನ್ನು ತೊಡೆಯಿಂದ ಕೆಳಗಿಡಲಿಲ್ಲ. ಅಕ್ಕನ ಅಡುಗೆಮನೆಗೆ ಆ ಡಬ್ಬಿ ಹೋಗುವಂತಿರಲಿಲ್ಲ. ಹೀಗಾಗಿ ಊಟ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ. ಅಕ್ಕ ಹುಡುಗಿಯನ್ನು ಕರೆತಂದು ಬಿಟ್ಟು, ದೂರ ಕಬ್ಬಿನ ಹಾಲಿನ ಗಾಡಿಯ ಹತ್ತಿರ ನಿಂತಳು. ಹತ್ತಿರವೂ ಬರಲಿಲ್ಲ, ಬಿಟ್ಟೂ ಹೋಗಲಿಲ್ಲ. ಹುಡುಗಿ ಕಾಲಾಡಿಸುತ್ತ, ಮೂಗಿನ ತುದಿಗೆಲ್ಲ ಹಚ್ಚಿಕೊಂಡು ಉಂಡಳು. ತಾಯಿ ಏನೂ ಉಣ್ಣಲಿಲ್ಲ. ಮಗಳು ಬಾಯಿ ತೆರೆದಾಗೆಲ್ಲ ತಾನೂ ಬಾಯಿ ತೆರೆಯುತ್ತಿದ್ದಳು. ಬಸ್ಸುಗಳು ಬರುತ್ತಿದ್ದವು, ಹೋಗುತ್ತಿದ್ದವು, ಧೂಳು ಏಳುತ್ತಿತ್ತು. ಅವಳು ಅಂಗೈಯಿಂದ ತಾಟನ್ನು ಮುಚ್ಚಿ ಹಿಡಿಯುತ್ತಿದ್ದಳು.

ಹೀಗೆ ಎಷ್ಟೋ ವರ್ಷ ನಡೆಯಿತು. ಕರೋನಾ ಬಂದಾಗ ಬಸ್ಸುಗಳು ನಿಂತವು. ದವಾಖಾನೆಯಲ್ಲಿ ಹೆಣ ಮುಟ್ಟಲು ಹೆದರುವ ಕಾಲದಲ್ಲಿ ಅವಳು ನಮ್ಮವರ ಹೆಣಗಳನ್ನು ಒರೆಸಿ ಕಟ್ಟಿಕೊಟ್ಟಳು. ಆಗಲೇ ನಮ್ಮ ಓಣಿಯ ಜನ ಅವಳ ಮುಖ ನೋಡಿ ಚೀನಾದವಳು ಬಂದಳು ಎಂದು ಬಾಗಿಲು ಹಾಕಿಕೊಂಡದ್ದು. ನಾನು ಕಟ್ಟೆಗೆ ಬಂದು ಒಬ್ಬೊಬ್ಬರಿಗೂ ಬೈದೆ. ಅವಳು ನಕ್ಕಳು. "ಇರ್ಲಿ ಬಿಡ್ರಿ. ಮೊದಲ ನೇಪಾಳದಾಕಿ ಅಂತಿದ್ರು, ಈಗ ಚೀನಾ ಅಂತಾರ. ಬಡ್ತಿ ಸಿಕ್ಕೇತಿ" ಎಂದಳು. ಆ ನಗುವನ್ನು ನೆನೆಸಿಕೊಂಡರೆ ಈಗಲೂ ನನ್ನ ಮೈ ಉರಿಯುತ್ತದೆ.

ಬಸ್ಸು ಮತ್ತೆ ಶುರುವಾದಾಗ ಹುಡುಗಿ ದೊಡ್ಡವಳಾಗಿದ್ದಳು. ಹೈಸ್ಕೂಲು, ಗೆಳತಿಯರು. ಒಂದು ಭಾನುವಾರ ಹೇಳಿದಳಂತೆ, "ಬಸ್ ಸ್ಟ್ಯಾಂಡಿನ್ಯಾಗ ಬ್ಯಾಡವಾ, ನಮ್ಮ ಕ್ಲಾಸಿನವರು ನೋಡ್ತಾರ." ಇದನ್ನು ಅವಳು ಹೆಮ್ಮೆಯಿಂದಲೇ ನನಗೆ ಹೇಳಿದಳು. "ದೊಡ್ಡಾಕಿ ಆಗ್ಯಾಳ್ರಿ, ನಾಚಿಕಿ ಬರ್ತೈತಿ." ಮುಂದೆ ಡಬ್ಬಿ ತುಂಬಿದ್ದು ತುಂಬಿದಂತೆಯೇ ವಾಪಸು ಬರತೊಡಗಿತು. ಇವತ್ತು ಪರೀಕ್ಷೆಯಂತೆ, ಇವತ್ತು ತಲೆನೋವಂತೆ. ಸಂಜೆ ಬಸ್ಸಿಳಿದವಳು ನೇರ ನಮ್ಮ ಮನೆಗೆ ಬಂದು, ನಿಂತುಕೊಂಡೇ ಆ ತಣ್ಣಗಿನ ಸಾರನ್ನು ಚಮಚದಲ್ಲಿ ತಿಂದು ಮುಗಿಸುತ್ತಿದ್ದಳು. ಕೂಡು, ಬಿಸಿ ಮಾಡಿಕೊಡುತ್ತೇನೆ ಎಂದರೆ ಕೇಳುತ್ತಿರಲಿಲ್ಲ. ತಿಂದು ಡಬ್ಬಿ ತೊಳೆದು ಹೋಗುತ್ತಿದ್ದಳು.

ಯಲಬುರ್ಗಾದ ಒಳ್ಳೆಯ ಮನೆತನಕ್ಕೆ ಹುಡುಗಿಯನ್ನು ಕೊಟ್ಟರು. ಧಾರೆ ಎರೆದವರು ಕುಷ್ಟಗಿಯ ಆ ಅಕ್ಕ ಮತ್ತು ಅವಳ ಯಜಮಾನರು. ಹೆತ್ತವಳು ನನ್ನ ಪಕ್ಕದಲ್ಲಿ, ಕೊನೆಯ ಸಾಲಿನ ಕುರ್ಚಿಯಲ್ಲಿ ಕೂತಿದ್ದಳು. ಬೀಗರ ಕಡೆಯವರು ಯಾರೋ ಇವಳು ಯಾರೆಂದು ಕೇಳಿದಾಗ ಅಕ್ಕ ಸುಳ್ಳು ಹೇಳಲಿಲ್ಲ. "ಆಕೀನ ಹಡದಾಕಿ" ಎಂದಳು. ಅಷ್ಟು ಹೇಳಿ ಮಾತು ಬದಲಿಸಿದಳು. ಊಟದ ಪಂಕ್ತಿಯಲ್ಲಿ ನಾನು ಸಿಟ್ಟಿಗೆ ಎಲೆಯನ್ನೇ ಮುಟ್ಟಲಿಲ್ಲ. ಅವಳು ಎಲ್ಲವನ್ನೂ ಉಂಡಳು. ಮಗಳ ಮದುವೆಯ ಊಟ ಬಿಡಬಾರದು ಎಂದಳು.

ಹೋದ ವರ್ಷ ಅವಳಿಗೆ ಹೊಟ್ಟೆಯಲ್ಲಿ ಗಡ್ಡೆ ಎಂದು ಗೊತ್ತಾಯಿತು. ಹುಬ್ಬಳ್ಳಿಗೆ ಹೋಗಿ ಬಂದೆವು. ತಡವಾಗಿದೆ ಎಂದರು. ಅನ್ನ ಇಳಿಯುತ್ತಿರಲಿಲ್ಲ. ಅದೇ ಸಾರನ್ನು ನಾನು ಸೋಸಿ, ತಿಳಿಯನ್ನು ಲೋಟಕ್ಕೆ ಹಾಕಿ ಕೊಡುತ್ತಿದ್ದೆ. ಒಂದು ಗುಟುಕು ಕುಡಿದು, "ಬಳ್ಳೊಳ್ಳಿ ಇನ್ನ ಕೆಂಪ ಆಗಬೇಕಿತ್ರಿ" ಎನ್ನುತ್ತಿದ್ದಳು. ಸಾಯುವಾಗಲೂ ನನ್ನ ಅಡುಗೆಗೆ ಹೆಸರಿಡುವುದು ಬಿಡಲಿಲ್ಲ.

ಅವಳಿಗೆ ಒಂದೇ ಆಸೆಯಿತ್ತು. "ಒಂದ್ಸಲ ಆಕಿ ಬಂದು ನನ್ನ ಮುಂದ ಇದನ್ನ ಮಾಡಬೇಕ್ರಿ. ನಮ್ಮ ಆಯಿಯಿಂದ ಅವ್ವಗ ಬಂತು, ಅವ್ವನಿಂದ ನನಗ ಬಂತು. ನಾ ಕೊಡಲಾರದ ಹೋದ್ರ ಹೆಂಗ?" ಹಡೆಯುವಾಗಿನ ನೋವನ್ನೂ ಹೇಳಿಕೊಳ್ಳದ ಹೆಂಗಸು ಇದನ್ನು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದಳು. ಕೇಳಿ ಕೇಳಿ ನನಗೆ ತಡೆಯಲಾಗಲಿಲ್ಲ. ಹುಡುಗಿಗೆ ಫೋನು ಮಾಡಿ, ಒಂದನೆಯ ಇಯತ್ತೆಯ ಅಕ್ಕೋರ ದನಿಯಲ್ಲಿ ಬೈದೆ. ನಿಮ್ಮವ್ವ ಇನ್ನು ಹೆಚ್ಚು ದಿನ ಇಲ್ಲ, ಬಂದು ಆ ಸಾರು ಕಲಿತು ಹೋಗು, ನಿನಗೆ ಬೇಕೋ ಬೇಡವೋ ಅವಳಿಗೆ ಬೇಕು ಎಂದೆ. ಹುಡುಗಿ ಅತ್ತಳು, ಬರುತ್ತೇನೆ ಎಂದಳು.

ಮಗಳು ಬರುವ ದಿನ ಅವಳು ಮುಂಜಾನೆಯೇ ನನ್ನನ್ನು ಕೂಗಿದಳು. ಮಂಚವನ್ನು ಅಡುಗೆಮನೆಯ ಬಾಗಿಲಿಗೆ ಸರಿಸಲು ಹೇಳಿದಳು. ಕಾಳು ಆರಿಸಿ ನೆನೆಹಾಕಿಸಿದಳು. ನಮ್ಮ ಗಿಡದ ಎಳೆಯ ಸೊಪ್ಪು ಕೊಯ್ದು ತರಿಸಿ, ತಾನೇ ಮಲಗಿದಲ್ಲಿ ಎಲೆ ಬಿಡಿಸಿದಳು. ಒಂದಿಷ್ಟು ಬೆಳ್ಳುಳ್ಳಿ ಸುಲಿದಳು. ತಲೆ ಬಾಚಿಸಿಕೊಂಡು, ಇದ್ದುದರಲ್ಲಿ ಒಳ್ಳೆಯ ಸೀರೆ ಹೊದ್ದುಕೊಂಡಳು. ಬಹಳ ದಿನಗಳ ಮೇಲೆ ಅವಳ ಮುಖದಲ್ಲಿ ರಕ್ತ ಕಂಡಂತಾಯಿತು.

ಮಧ್ಯಾಹ್ನ ಹುಡುಗಿ ಗಂಡನ ಜೊತೆ ಬಂದಳು. ಗಂಡ ಒಳ್ಳೆಯವನು. ಅತ್ತೆಯ ಕಾಲುಮುಟ್ಟಿ, ಹಣ್ಣಿನ ಚೀಲ ಇಟ್ಟು, ತಾಯಿ ಮಗಳು ಮಾತಾಡಲಿ ಎಂದು ಕಟ್ಟೆಗೆ ಹೋಗಿ ಕೂತ. ಹುಡುಗಿ ಬಸುರಿ. ಕೈತುಂಬ ಹಸಿರು ಬಳೆ. ಒಳಗೆ ಕಾಲಿಡುತ್ತಲೇ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಸುಲಿದ ಬೆಳ್ಳುಳ್ಳಿ ಮಂಚದ ಪಕ್ಕದಲ್ಲೇ ಇತ್ತು.

"ಈಗ ಇದರ ವಾಸನಿ ಆಗವಲ್ದವಾ" ಎಂದಳು. ನಾನು ಬಟ್ಟಲನ್ನು ಒಯ್ದು ಹಿತ್ತಲಿಗಿಟ್ಟೆ.

ತಾಯಿಯ ಕೈಹಿಡಿದು ಕೂತಳು, ಅತ್ತಳು, ಕಣ್ಣೊರೆಸಿಕೊಂಡಳು. ಆಮೇಲೆ ಫೋನು ತೆಗೆದು ಹೇಳಿದಳು: "ಹೇಳವಾ, ಆ ಸಾರು ಹೆಂಗ ಮಾಡೂದು. ಇದರಾಗ ಬರ್ಕೊಂತೀನಿ."

ತಾಯಿ ಮಗಳ ಮುಖ ನೋಡುತ್ತಿದ್ದಳು. "ನಿಮ್ಮ ಮನ್ಯಾಗ ಹೆಸರುಕಾಳು ಹೆಂಗ ಮಾಡ್ತಾರ?" ಎಂದು ಕೇಳಿದಳು.

ಹುಡುಗಿಯ ಮುಖ ಅರಳಿತು. "ಮೊಳಕಿ ಕಟ್ಟಿ ಮಾಡ್ತಾರವಾ. ಖಾರ, ಗುರೆಳ್ಳ ಪುಡಿ, ಒಂದೀಟು ಬೆಲ್ಲ. ಬಿಸಿ ರೊಟ್ಟಿ. ನಮ್ಮ ಅತ್ತಿ ಈಗ ನನ್ನ ಕೈಲೇ ಮಾಡಸ್ತಾರ. ನಿನ್ನ ಕೈ ಛಲೋ ಅದಾವ ಅಂತಾರ."

ತಾಯಿ ಎಲ್ಲವನ್ನೂ ಕೇಳಿಸಿಕೊಂಡಳು. ಹೊರಗೆ ಕಟ್ಟೆಯ ಮೇಲೆ ಅಳಿಯ ಯಾರೊಂದಿಗೋ ಫೋನಿನಲ್ಲಿ ಮಾತಾಡುತ್ತಿದ್ದ.

"ಹಂಗಾದ್ರ ಅದನ್ನ ಮಾಡು" ಎಂದಳು. "ಇದು ಬ್ಯಾಡ. ಕಲೀಬ್ಯಾಡ ಇದನ್ನ. ಆ ಮನ್ಯಾಗ ಅವರದ ಅಡಿಗಿ ಮಾಡ್ಕೊಂಡು ಛಲೋ ಇರು."

ನಾನು ಬಾಯಿ ಹಾಕಲು ಹೋದೆ. ಅವಳು ನನ್ನ ಕಡೆ ನೋಡಲೇ ಇಲ್ಲ, ಮಗಳನ್ನೇ ನೋಡುತ್ತಿದ್ದಳು. ಹುಡುಗಿ "ಆತವಾ" ಎಂದಳು. ಫೋನನ್ನು ಪರ್ಸಿಗೆ ಹಾಕಿದಳು. ಅವಳು ಕೆಟ್ಟವಳಲ್ಲ. ಆದರೆ ಆ ಮುಖದಲ್ಲಿ ನಾನು ಕಂಡದ್ದು ದುಃಖವಲ್ಲ, ನಿರಾಳ. ತಾಯಿಯೂ ಕಂಡಳು.

ಬಿಸಿಲು ಇರುವಾಗಲೇ ಅವರು ಹೊರಟರು. ಬಸುರಿ ಹೆಂಗಸು ಹೊತ್ತು ಮುಳುಗಿದ ಮೇಲೆ ದಾರಿಯಲ್ಲಿರಬಾರದು ಎಂದು ತಾಯಿಯೇ ಅವಸರ ಮಾಡಿದಳು. ಹೋಗುವಾಗ ಹುಡುಗಿ ತಾಯಿಯ ಪಾದ ಒತ್ತಿ, ಮತ್ತೆ ಬರುತ್ತೇನೆ ಎಂದಳು. ಮತ್ತೆ ಬಂದದ್ದು ಮಣ್ಣಿಗೆ.

ಅವರು ಹೋದ ಮೇಲೆ ನಾನು ಒಳಗೆ ಬಂದೆ. ಮಂಚವನ್ನು ಮೊದಲಿನ ಜಾಗಕ್ಕೆ ಸರಿಸಿದೆ. ಕಾಳು ನೀರು ಕುಡಿದು ಉಬ್ಬಿ ಬಟ್ಟಲು ತುಂಬಿತ್ತು. ಇದನ್ನೇನು ಮಾಡಲಿ ಎಂದು ಕೇಳಿದೆ. ಅವಳು ಗೋಡೆಯ ಕಡೆ ಹೊರಳಿದಳು. ನಿದ್ದೆ ಬಂದಿರಬೇಕು ಎಂದುಕೊಂಡು ನಾನು ಬಟ್ಟಲು ಎತ್ತಿಕೊಂಡೆ.

"ನಾ ಬ್ಯಾಡ ಅಂದೆ ಖರೆ, ಅಕ್ಕೋರ" ಎಂದಳು. "ಯಾಕ ಬ್ಯಾಡ ಅಂತ ಒಂದ್ಸಲ ಆದ್ರೂ ಕೇಳ್ತಾಳ ಅನ್ಕೊಂಡಿದ್ದೆ."